ಕನ್ನಡ ಶಾಲೆಗೆ ಕಿಟ್ ಕೊಡುವ ಮುಂಚೆ: ದಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಕೆಲವು ಹಳೆ ವಿದ್ಯಾರ್ಥಿಗಳು ಮತ್ತು ಟೀಚರುಗಳು ಸೇರಿ ಶಾಲೆಗಳಿಗೆ ಎಲೆಕ್ಟ್ರಾನಿಕ್ಸ್ ಕಿಟ್ ಕೊಡಿಸುವ ಕೆಲಸ ಮಾಡುತ್ತಿದ್ದೇವೆ. ಮಕ್ಕಳು ಪರದೆ ನೋಡುತ್ತಾ ಕೂರುವ ಬದಲು ತಾವೇ ವಯರು ಜೋಡಿಸಬೇಕು, ಪ್ರೋಗ್ರಾಮ್ ಬರೆಯಬೇಕು, ಕೆಟ್ಟರೆ ಬಿಚ್ಚಿ ನೋಡಬೇಕು. ಇಷ್ಟೇ ನಮ್ಮ ಆಸೆ. ನಮಗೆ ಆಫೀಸಿಲ್ಲ, ನಮ್ಮ ಹೆಸರಲ್ಲಿ ಖಾತೆಯೂ ಇಲ್ಲ. ಹಣ ನೇರವಾಗಿ ಆಯಾ ಶಾಲೆಯ ಪಿ.ಟಿ.ಎ. (ಪೋಷಕರು ಮತ್ತು ಶಿಕ್ಷಕರ ಸಂಘ) ಖಾತೆಗೆ ಹೋಗುತ್ತದೆ. ಫೋನಿನಲ್ಲಿ, ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ.

ನಾವು ಕೊಟ್ಟ ದುಡ್ಡಿನಿಂದ ಮಕ್ಕಳಿಗೆ ನಿಜವಾಗಿ ಎಂತ ಸಿಗ್ತದೆ?

ಒಂದು ಉದಾಹರಣೆ ಹೇಳುತ್ತೇವೆ. ನಮ್ಮ ಕಡೆ ಚಾಲಿ ಅಡಿಕೆ ಒಣಗಲು ಸುಮಾರು 40 ದಿನದ ಬಿಸಿಲು ಬೇಕು. ಅಷ್ಟು ದಿನ ಅಡಿಕೆ ಅಂಗಳದಲ್ಲೇ ಇರುತ್ತದೆ. ಮಧ್ಯೆ ಬೇಸಿಗೆ ಮಳೆ ಬಂದರೆ ಮನೆಯವರೆಲ್ಲ ಓಡಬೇಕು. ಹಾಗಾಗಿ ಎಂಟನೆಯ ತರಗತಿಯ ಮಕ್ಕಳು ಮಳೆ ಬಂದರೆ ಕೂಗುವ ಅಲಾರಾಂ ಮಾಡಲು ಹೊರಟರು.

ಬೇಕಾದದ್ದು ಒಂದು ಆರ್ಡುಯಿನೋ ಬೋರ್ಡು (ಪ್ರೋಗ್ರಾಮ್ ಹಾಕಿ ಓಡಿಸುವ ಚಿಕ್ಕ ಸರ್ಕ್ಯೂಟ್ ಹಲಗೆ), ಕೂಗುವ ಒಂದು ಬಝರ್, ಅಂಗೈಗಿಂತ ಚಿಕ್ಕ ಒಂದು ಮಳೆ ಸೆನ್ಸರ್. ಆ ಸೆನ್ಸರಿನ ಹಲಗೆಯ ಮೇಲೆ ಬಾಚಣಿಗೆ ಹಲ್ಲಿನ ಹಾಗೆ ಎರಡು ಲೋಹದ ಗೆರೆಗಳು ಇರುತ್ತವೆ, ಒಂದಕ್ಕೊಂದು ತಾಗುವುದಿಲ್ಲ. ನೀರಿನ ಹನಿ ಬಿದ್ದರೆ ಎರಡರ ಮಧ್ಯೆ ಸ್ವಲ್ಪ ಕರೆಂಟು ದಾಟುತ್ತದೆ. ಬೋರ್ಡು ಅದನ್ನು 0ರಿಂದ 1023ರ ಒಳಗಿನ ಒಂದು ಸಂಖ್ಯೆಯಾಗಿ ಓದುತ್ತದೆ. ಒಣಗಿದ್ದಾಗ ಸಂಖ್ಯೆ ಮೇಲೆ, ಒದ್ದೆಯಾದಾಗ ಕೆಳಗೆ.

ತರಗತಿಯಲ್ಲಿ ಚಂದ ಕೂಗಿತು. ಮನೆಗೆ ಕೊಂಡುಹೋಗಿ ಅಂಗಳದಲ್ಲಿ ಇಟ್ಟರೆ ಬೆಳಗಿನ ಜಾವಕ್ಕೇ ಕೂಗಿತು. ಮಳೆ ಇಲ್ಲ, ಬರೀ ಮಂಜಿನ ಹನಿ. ಅಜ್ಜಿಯಿಂದ ಬೈಗುಳ. ಮರುದಿನ ಮಕ್ಕಳು ಮಂಜು ಬಿದ್ದಾಗ ಎಷ್ಟು ಸಂಖ್ಯೆ, ಚೊಂಬಿನಿಂದ ನೀರು ಚಿಮುಕಿಸಿದಾಗ ಎಷ್ಟು ಅಂತ ಬರೆದುಕೊಂಡರು. ಎರಡರ ಮಧ್ಯೆ ಒಂದು ಗಡಿ ಹಾಕಿದರು. ಕೆಲವು ವಾರದಲ್ಲಿ ಆ ಗೆರೆಗಳು ಹಸಿರಾಗಿ ತುಕ್ಕು ಹಿಡಿದವು. ಯಾಕೆಂದರೆ ಒದ್ದೆ ಲೋಹದಲ್ಲಿ ಯಾವಾಗಲೂ ಕರೆಂಟು ಹರಿಯುತ್ತಿತ್ತು. ಆಮೇಲೆ ಓದುವ ಆ ಕ್ಷಣಕ್ಕೆ ಮಾತ್ರ ಸೆನ್ಸರಿಗೆ ಕರೆಂಟು ಕೊಡುವ ಹಾಗೆ ಪ್ರೋಗ್ರಾಮ್ ಬದಲಾಯಿಸಿದರು.

ನಿಮ್ಮ ದುಡ್ಡಿನಿಂದ ಸಿಗುವುದು ಇದು. ಅಲಾರಾಂ ಅಂಗಡಿಯಲ್ಲೂ ಸಿಕ್ಕೀತು. ಆದರೆ ಮಂಜಿಗೆ ಯಾಕೆ ಕೂಗಿತು ಅಂತ ತಲೆ ಕೆರೆದುಕೊಂಡದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

ಸರ್ಕಾರವೇ ಕಿಟ್ ಕೊಡ್ತದಲ್ಲ, ಮತ್ತೆ ನಾವ್ಯಾಕೆ ಕೊಡ್ಬೇಕು?

ಕೇರಳ ಈ ವಿಷಯದಲ್ಲಿ ತುಂಬ ಮುಂದಿದೆ, ಅದನ್ನು ಒಪ್ಪಲೇಬೇಕು. ಶಾಲೆಗಳಿಗೆ ಕಂಪ್ಯೂಟರ್ ತಂದ ಐಟಿ@ಸ್ಕೂಲ್ ಯೋಜನೆ 2001ರಲ್ಲೇ ಶುರುವಾಯಿತು. ಅದೇ 2017ರಲ್ಲಿ ಕೈಟ್ ಅನ್ನುವ ಸರ್ಕಾರಿ ಕಂಪನಿ ಆಯಿತು. 2018ರಲ್ಲಿ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಅನ್ನುವ ಮಕ್ಕಳ ಐಟಿ ಕ್ಲಬ್ಬುಗಳು ಬಂದವು. 2025-26ರ ಶಾಲಾ ವರ್ಷದಿಂದ ಹತ್ತನೆಯ ತರಗತಿಯ ಐಸಿಟಿ (ಕಂಪ್ಯೂಟರ್) ಪಾಠದಲ್ಲಿ ಎಲ್ಲ ಮಕ್ಕಳಿಗೂ ರೋಬೋಟಿಕ್ಸ್ ಇದೆ. ಅದಕ್ಕಾಗಿ ರಾಜ್ಯದ ಹೈಸ್ಕೂಲುಗಳಿಗೆ ಸುಮಾರು 29,000 ಕಿಟ್ ಹಂಚಿದ್ದಾರೆ. ಆ ಪಾಠ ಕನ್ನಡದಲ್ಲೂ ಇದೆ.

ಹಾಗಾದರೆ ಕೊರತೆ ಎಲ್ಲಿ? ಎರಡು ಕಡೆ. ಮೊದಲನೆಯದು, ಇದೆಲ್ಲ ಹೈಸ್ಕೂಲಿಗೆ. ನಮ್ಮ ಕಡೆಯ ಬಹಳಷ್ಟು ಕನ್ನಡ ಮಕ್ಕಳು ಏಳನೆಯ ತರಗತಿವರೆಗೆ ಓದುವುದು ಎ.ಯು.ಪಿ. (ಅನುದಾನಿತ ಹಿರಿಯ ಪ್ರಾಥಮಿಕ) ಶಾಲೆಗಳಲ್ಲಿ. ಬಿಚ್ಚಿ ನೋಡುವ ಚಪಲ ಜೋರಾಗಿರುವುದು ಆ ವಯಸ್ಸಿನಲ್ಲಿ. ಅಲ್ಲಿ ಕ್ಲಬ್ಬೂ ಇಲ್ಲ, ಕಿಟ್ಟೂ ಇಲ್ಲ. ಎರಡನೆಯದು, ಹೈಸ್ಕೂಲಿನಲ್ಲೂ ಕ್ಲಬ್ಬಿಗೆ ಸೇರಲು ಎಂಟನೆಯ ತರಗತಿಯಲ್ಲಿ ಅಭಿರುಚಿ ಪರೀಕ್ಷೆ ಇದೆ. ಪರೀಕ್ಷೆಯಲ್ಲಿ ಆಯ್ಕೆ ಆಗದ ಮಗುವಿಗೂ ಕೈ ಇದೆ, ಅಲ್ವಾ? ನಾವು ಹೆಚ್ಚಾಗಿ ಯು.ಪಿ. ಶಾಲೆಗೆ ಕೊಡಿ ಅನ್ನುವುದು ಇದಕ್ಕೇ.

ಅಟಲ್ ಲ್ಯಾಬಿಗೆ ಅರ್ಜಿ ಹಾಕಬಹುದಲ್ಲ?

ಹಾಕಬಹುದು, ಹಾಕಲೇಬೇಕು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ (ಶಾಲೆಯಲ್ಲೇ ಮಕ್ಕಳು ಕೈಯಾರೆ ಮಾಡಿ ನೋಡುವ ಪ್ರಯೋಗಾಲಯ) 2016ರಲ್ಲಿ ಬಂತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಕಟ್ಟಲು 10 ಲಕ್ಷ, ಐದು ವರ್ಷ ನಡೆಸಲು 10 ಲಕ್ಷ. ಆದರೆ ಪ್ರತ್ಯೇಕ ಕೋಣೆ ಬೇಕು, ಜವಾಬ್ದಾರಿ ಹೊರುವ ಶಿಕ್ಷಕರು ಬೇಕು. ನಾಲ್ಕು ಕೋಣೆಯ ಶಾಲೆಗೆ ಅದು ದೂರದ ಮಾತು. ನಾವು ಹೇಳುವ ಕಿಟ್ಟು ಒಂದು ಬೀರುವಿನ ಎರಡು ಅಡ್ಡ ಹಲಗೆಯಲ್ಲಿ ಹಿಡಿಸುತ್ತದೆ.

ಎಷ್ಟು ಕೊಟ್ಟರೆ ಎಂತ ಆಗ್ತದೆ?

ರೇಟು ಏರಿಳಿಯುತ್ತದೆ, ಸುಮಾರು ಲೆಕ್ಕ ಹೇಳುತ್ತೇವೆ. ಎಲ್ಇಡಿ ಒಂದೆರಡು ರೂಪಾಯಿ. ಬೆಸುಗೆ ಇಲ್ಲದೆ ವಯರು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್ ನೂರು ರೂಪಾಯಿಯೊಳಗೆ. ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಹೇಳಿದಷ್ಟೇ ತಿರುಗುವ ಚಿಕ್ಕ ಸರ್ವೋ ಮೋಟಾರು ಒಂದೊಂದು ನೂರರ ಆಸುಪಾಸು. ಆರ್ಡುಯಿನೋ ಮಾದರಿಯ ಬೋರ್ಡು 500ರ ಆಚೆ ಈಚೆ. ಇಟಲಿಯ ಅಸಲಿ ಬೋರ್ಡಿಗೆ ಅದರ ಹಲವು ಪಟ್ಟು. ಆರ್ಡುಯಿನೋದ ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ಹಾಗಾಗಿ ಬೇರೆಯವರು ಮಾಡಿದ ಬೋರ್ಡು ಕೊಳ್ಳುವುದರಲ್ಲಿ ಕಳ್ಳತನ ಏನೂ ಇಲ್ಲ.

ಮೂವರು ಮಕ್ಕಳಿಗೆ ಒಂದು ಸೆಟ್ಟು ಅಂತ ಇಟ್ಟುಕೊಂಡರೆ 30 ಮಕ್ಕಳ ತರಗತಿಗೆ ಹತ್ತು ಸೆಟ್ಟು. ಮಲ್ಟಿಮೀಟರ್, ಸ್ಕ್ರೂಡ್ರೈವರ್, ವಯರ್ ಕಟರ್ ಸೇರಿ 20ರಿಂದ 25 ಸಾವಿರ ರೂಪಾಯಿ. ನಾಲ್ಕು ಜನ ಸೇರಿದರೆ ದೊಡ್ಡ ಹೊರೆಯಲ್ಲ. 500 ರೂಪಾಯಿ ಕೊಡುವವರು ಮುಜುಗರ ಪಡಬೇಡಿ. ಅದು ಎಲ್ಲಿಗೆ ಹೋಗುತ್ತದೆ ಅಂತ ಮುಂದಿನ ಉತ್ತರದಲ್ಲಿ ನೋಡಿ.

ಮುಗಿದು ಹೋಗುವ ಸಾಮಾನಿಗೆ ಯಾಕೆ ದುಡ್ಡು? ಶಾಶ್ವತವಾಗಿ ಉಳಿಯುವಂಥದ್ದು ಕೊಡಬೇಕು ಅಂತ ಆಸೆ.

ಆಸೆ ಅರ್ಥವಾಗುತ್ತದೆ. ಆದರೆ ನಾವು ಗಟ್ಟಿಯಾಗಿ ವಾದ ಮಾಡುವ ವಿಷಯ ಇದೊಂದೇ.

ಬಳಸಿದ ಸಾಮಾನು ಕೆಡುತ್ತದೆ. ಜಂಪರ್ ವಯರಿನ ತುದಿ ಒಳಗೇ ತುಂಡಾಗುತ್ತದೆ, ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಕರೆಂಟು ಕಮ್ಮಿ ಮಾಡುವ ರೆಸಿಸ್ಟರ್ ಇಲ್ಲದೆ ಜೋಡಿಸಿದ ಎಲ್ಇಡಿ ಒಮ್ಮೆ ಫಳಕ್ಕನೆ ಹೊಳೆದು ಸುಟ್ಟುಹೋಗುತ್ತದೆ. ಸರ್ವೋ ಮೋಟಾರನ್ನು ಮಕ್ಕಳು ಕೈಯಿಂದ ತಿರುಗಿಸಿ ನೋಡುತ್ತಾರೆ, ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿಯುತ್ತದೆ. 9 ವೋಲ್ಟಿನ ಚೌಕದ ಬ್ಯಾಟರಿಗೆ ಮೋಟಾರು ಜೋಡಿಸಿದರೆ ಬೇಗ ಕುಸಿಯುತ್ತದೆ.

ಒಂದು ವಯರಿನ ಬೆಲೆ ಎರಡು ಮೂರು ರೂಪಾಯಿ. ಆದರೆ ಅದಿಲ್ಲದಿದ್ದರೆ 2,000 ರೂಪಾಯಿಯ ಸೆಟ್ಟು ಸುಮ್ನೆ ಬಿದ್ದಿರುತ್ತದೆ. ಹೊಸ ವಯರು ತರಲು ಶಾಲೆಯಲ್ಲಿ ಬೇರೆ ದುಡ್ಡಿರುವುದಿಲ್ಲ. ಟೀಚರು ಒಮ್ಮೆ ಕೈಯಿಂದ ಹಾಕಿ ತರುತ್ತಾರೆ, ಎರಡನೆಯ ಸಲವೂ ತರುತ್ತಾರೆ. ಮೂರನೆಯ ಸಲ ಕಿಟ್ಟು ಬೀರುವಿನೊಳಗೆ ಹೋಗುತ್ತದೆ, ಬೀಗ ಬೀಳುತ್ತದೆ. ಬೀಗದ ಕೈ ಹೆಡ್ಮಾಷ್ಟ್ರ ಹತ್ತಿರ. ಅವರಿಗೆ ಸ್ಟಾಕ್ ರಿಜಿಸ್ಟರಿನ ಚಿಂತೆ: ಸಾಮಾನು ಕಮ್ಮಿಯಾದರೆ ಆಡಿಟ್‌ನಲ್ಲಿ ಉತ್ತರ ಕೊಡಬೇಕಾದವರು ಅವರೇ. ತಪ್ಪು ಅವರದ್ದೂ ಅಲ್ಲ.

ಅದಕ್ಕೆ ನಾವು ಎರಡು ಕ್ರಮ ಇಟ್ಟುಕೊಂಡಿದ್ದೇವೆ. ಬಂದ ಹಣದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಎರಡನೆಯ ವರ್ಷದ ವಯರು, ಎಲ್ಇಡಿ, ಬ್ಯಾಟರಿ, ರಿಪೇರಿಗೆ ಅಂತ ತೆಗೆದಿಡುವುದು. ಮತ್ತೆ, ಚಿಲ್ಲರೆ ಸಾಮಾನನ್ನು ಸ್ಟಾಕ್ ಪುಸ್ತಕದಲ್ಲಿ ಮೊದಲ ದಿನವೇ ಬಳಸಿ ಮುಗಿಯುವ ಸಾಮಾನು ಅಂತ ಬೇರೆ ಪುಟದಲ್ಲಿ ಬರೆಸುವುದು. ಒಂದು ಎಲ್ಇಡಿ ಸುಟ್ಟದ್ದಕ್ಕೆ ಯಾರೂ ಯಾರಿಗೂ ವಿವರಣೆ ಕೊಡಬೇಕಾಗಿಲ್ಲ. ಈ ಎರಡನೆಯದು ದುಡ್ಡಿಲ್ಲದೆ ಆಗುವ ಕೆಲಸ. ಬೀಗ ತೆಗೆಸಿದ್ದು ಹೆಚ್ಚಾಗಿ ಇದೇ.

ಸ್ಮಾರ್ಟ್ ಟಿವಿ ಕೊಡ್ತೇವೆ. ಹೆಸರು ಹಾಕ್ತೀರಾ?

ಶಾಲೆಗೆ ಟಿವಿ ಬೇಕಿದ್ದರೆ ಖಂಡಿತ ಕೊಡಿ. ಅದು ನೋಡುವ ಸಾಮಾನು, ಮಾಡುವ ಸಾಮಾನಲ್ಲ. ನಮ್ಮ ಪಟ್ಟಿಯಲ್ಲಿ ಇಲ್ಲ. ಹೆಸರಿನ ವಿಷಯ: ಬೀರುವಿನ ಬಾಗಿಲಿಗೆ ಹಾಕಬಹುದು, ಟೀಚರುಗಳ ಅಡ್ಡಿಯಿಲ್ಲ. ರೆಸಿಸ್ಟರಿನ ಮೇಲೆ ಜಾಗ ಸಾಲದು.

ನಮ್ಮ ಆಫೀಸಿನ ಹಳೆ ಲ್ಯಾಪ್‌ಟಾಪ್ ಆಗ್ತದಾ?

ಹೆಚ್ಚಿನವು ಆಗುತ್ತವೆ. ಕೇರಳದ ಶಾಲೆಗಳಲ್ಲಿ ವಿಂಡೋಸ್ ಬದಲು ಕೈಟ್‌ನವರ ಗ್ನೂ/ಲಿನಕ್ಸ್ ಓಡುತ್ತದೆ, ಉಬುಂಟು ಆಧರಿಸಿದ್ದು. ಲೈಸೆನ್ಸಿಗೆ ಒಂದು ಪೈಸೆ ಇಲ್ಲ. 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಆರ್ಡುಯಿನೋಗೆ ಪ್ರೋಗ್ರಾಮ್ ಬರೆಯಬಹುದು, ಮಕ್ಕಳಿಗೆ ಪ್ರೋಗ್ರಾಮ್ ಕಲಿಸುವ ಸ್ಕ್ರ್ಯಾಚ್ ಕಲಿಯಬಹುದು. ಸ್ಕ್ರ್ಯಾಚ್‌ಗೆ ಇಂಟರ್‌ನೆಟ್ ಕೂಡ ಬೇಡ, ಒಮ್ಮೆ ಹಾಕಿಟ್ಟರೆ ಸಾಕು.

ಕೊಡುವ ಮುಂಚೆ ನಿಮ್ಮ ಫೈಲುಗಳನ್ನು ಪೂರ್ತಿ ಅಳಿಸಿ. ಚಾರ್ಜರ್ ಕೊಡಿ. ಬ್ಯಾಟರಿ ಉಬ್ಬಿದ್ದರೆ ದಯವಿಟ್ಟು ಕೊಡಬೇಡಿ, ಅದು ಬೆಂಕಿಯ ಅಪಾಯ. ಕೀಬೋರ್ಡಿನಲ್ಲಿ ಅರ್ಧ ಕೀಲಿಗಳಿಲ್ಲದ, ಪರದೆ ಒಡೆದ ಯಂತ್ರ ಗುಜರಿಗೆ ಹೋಗಬೇಕಾದದ್ದು. ಶಾಲೆಗೆ ತಂದು ಹಾಕಿದರೆ ಅದನ್ನು ಗುಜರಿಗೆ ಸಾಗಿಸುವ ಕೆಲಸವೂ ಟೀಚರಿಗೇ ಬರುತ್ತದೆ.

ಜೂನಿನಲ್ಲಿ ಎಲ್ಲಾ ಹಾಳಾಗೋದಿಲ್ವಾ? ನಮ್ಮೂರಿನ ಮಳೆ ಗೊತ್ತಲ್ಲ.

ಗೊತ್ತು. ಮಳೆಗಾಲದಲ್ಲಿ ಬೆಲ್ಟಿಗೂ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ಇದು. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಚೀಲ.  ಮರದ ಬೀರು ಬೇಡ.

ನಿಜವಾದ ಭಯ ಅಕ್ಟೋಬರ್ ನವೆಂಬರಿನ ತುಲಾ ಮಳೆಯ ಸಿಡಿಲು. ಮಧ್ಯಾಹ್ನ ಮೇಲೆ ಮೋಡ ಕಟ್ಟಿದರೆ ಲ್ಯಾಪ್‌ಟಾಪಿನ ಪ್ಲಗ್ಗು, ನೆಟ್ ಕೇಬಲ್ಲು ಎರಡೂ ತೆಗೆಯಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಆ ಎರಡು ತಿಂಗಳು ಈ ತರಗತಿಗಳನ್ನು ಬೆಳಗ್ಗೆ ಇಟ್ಟುಕೊಳ್ಳಿ ಅಂತ ನಾವು ಶಾಲೆಗಳಿಗೆ ಹೇಳುತ್ತೇವೆ.

ಟೀಚರಿಗೇ ಗೊತ್ತಿಲ್ಲದಿದ್ದರೆ?

ಹೆಚ್ಚಿನವರಿಗೆ ಮೊದಲು ಗೊತ್ತಿರುವುದಿಲ್ಲ. ಕನ್ನಡ ಟೀಚರು, ಗಣಿತದ ಮಾಷ್ಟ್ರು ಅವರು, ಇಂಜಿನಿಯರುಗಳಲ್ಲ. ಎರಡು ಶನಿವಾರ ಕೂತು ತಾವೇ ಜೋಡಿಸಿ ನೋಡಿದರೆ ಧೈರ್ಯ ಬರುತ್ತದೆ. ದೇಣಿಗೆಯಲ್ಲಿ ಒಂದು ಭಾಗ ಈ ಶನಿವಾರಗಳಿಗೆ ಹೋಗುತ್ತದೆ: ಬಸ್ ಚಾರ್ಜು, ಊಟ, ಪ್ರಿಂಟ್ ಮಾಡಿದ ಹಾಳೆಗಳು. ಊಟಕ್ಕೆ ಯಾಕೆ ದುಡ್ಡು ಅಂತ ಕೇಳುವವರು ಇದ್ದಾರೆ. ರಜೆಯ ದಿನ ದೇಲಂಪಾಡಿಯಿಂದ ಬದಿಯಡ್ಕಕ್ಕೆ ಬರುವವರಿಗೆ ಒಂದು ಊಟ ಹಾಕಲಾಗದಿದ್ದರೆ ಹೇಗೆ?

ಎಲ್ಲವೂ ಇಂಗ್ಲಿಷಿನಲ್ಲೇ ಇರ್ತದಲ್ಲ?

ಕಿಟ್ಟಿನ ಜೊತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿ ಇರುತ್ತದೆ. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ತುಳು, ಹವ್ಯಕ, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಎಲ್ಲರಿಗೂ ಓದಲು ಬರುವುದು ಕನ್ನಡ. ಹಾಗಾಗಿ ಒಂದೊಂದು ಪ್ರಯೋಗಕ್ಕೆ ಒಂದೊಂದು ಕಾರ್ಡು ಕನ್ನಡದಲ್ಲಿ ಮಾಡಿ, ಫೋಟೋ ಹಾಕಿ, ಲ್ಯಾಮಿನೇಟ್ ಮಾಡಿಸುತ್ತೇವೆ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ತರಗತಿಗೆ ಹಾಕಿದ ಶಾಲೆಗಳಲ್ಲಿ ಈ ಕಾರ್ಡುಗಳೇ ಮಕ್ಕಳಿಗೆ ಆಸರೆ. ಅಲ್ಲಿ ಬೇಕಾದದ್ದು ಸರಿಯಾದ ನೇಮಕ, ಕಾರ್ಡಲ್ಲ. ಆದರೆ ಅದು ಆಗುವವರೆಗೆ ಮಕ್ಕಳನ್ನು ಕಾಯಿಸುವ ಹಾಗಿಲ್ಲ.

ಕರೆಂಟು ಹೊಡೆಯೋದಿಲ್ವಾ?

ಬೋರ್ಡು ಓಡುವುದು 5 ವೋಲ್ಟಿನಲ್ಲಿ. ಮುಟ್ಟಿದರೆ ಏನೂ ಆಗುವುದಿಲ್ಲ. ಮನೆಯ 230 ವೋಲ್ಟಿಗೆ ಜೋಡಿಸುವ ಯಾವ ಪ್ರಯೋಗವನ್ನೂ ತರಗತಿಯಲ್ಲಿ ಮಾಡಿಸುವುದಿಲ್ಲ. ಫ್ಯಾನು ಆನ್ ಆಫ್ ಮಾಡಿಸಿ ತೋರಿಸಿ ಅಂತ ಪೋಷಕರು ಕೇಳಿದರೂ ಇಲ್ಲ. ಬೆಸುಗೆ ಹಾಕುವುದು ಹೈಸ್ಕೂಲಿನಲ್ಲಿ ಮಾತ್ರ, ಟೀಚರು ಪಕ್ಕದಲ್ಲಿದ್ದಾಗ, ಕನ್ನಡಕ ಹಾಕಿಕೊಂಡು. ಲಿಥಿಯಂ ಸೆಲ್ಲು ಕೊಡುವುದಿಲ್ಲ, ಟಾರ್ಚಿನ ಸಾದಾ ಸೆಲ್ಲು ಸಾಕು.

ಮೊಬೈಲು ಹಿಡಿದೇ ಮಕ್ಕಳು ಹಾಳಾಗಿದ್ದಾರೆ. ಇದೂ ಬೇರೆ ಯಾಕೆ?

ಅಜ್ಜಂದಿರು ಕೇಳುವ ಪ್ರಶ್ನೆ, ನ್ಯಾಯವಾದದ್ದೇ. ಒಂದು ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಪರದೆ ನೋಡುವ ಹೊತ್ತು ಕಮ್ಮಿ, ವಯರು ಹುಡುಕುವ ಹೊತ್ತು ಜಾಸ್ತಿ. ಬಾಯಾರಿನಂಥ ಕಡೆ ಸುರಂಗದ (ಗುಡ್ಡ ಅಡ್ಡಕ್ಕೆ ಕೊರೆದು ನೀರು ತೆಗೆಯುವ ಬಾವಿ) ನೀರಿನ ಟಾಂಕಿ ತುಂಬಿದರೆ ದೀಪ ಹೊತ್ತುವ ಹಾಗೆ ಮಾಡಲು ಹೊರಟ ಮಕ್ಕಳು ಮೊದಲು ಟಾಂಕಿಯ ಆಳ ಅಳೆಯಬೇಕು, ಅದಕ್ಕೆ ಅಜ್ಜನನ್ನೇ ಕೇಳಬೇಕು.

ಹುಡುಗರೇ ಎಲ್ಲಾ ಮಾಡಿ, ಹುಡುಗಿಯರು ಬರೀ ಬರೆದುಕೊಳ್ಳೋದಲ್ವಾ?

ಬಿಟ್ಟರೆ ಹಾಗೇ ಆಗುತ್ತದೆ. ಮೂವರಲ್ಲಿ ಒಬ್ಬರು ವಯರು, ಒಬ್ಬರು ಕೀಬೋರ್ಡು, ಒಬ್ಬರು ಪುಸ್ತಕ. ಹದಿನೈದು ನಿಮಿಷಕ್ಕೆ ಗಂಟೆ ಬಾರಿಸಿ ಬದಲು. ಗಂಟೆ ಬಾರಿಸುವುದನ್ನು ಟೀಚರು ಮರೆಯಬಾರದು, ಅಷ್ಟೇ.

ತೆರಿಗೆ ವಿನಾಯಿತಿ ಸಿಗ್ತದಾ?

ಪಿ.ಟಿ.ಎ. ಖಾತೆಗೆ ಕೊಟ್ಟರೆ ಸಾಮಾನ್ಯವಾಗಿ ಸಿಗುವುದಿಲ್ಲ. ಎಲ್ಲರೂ 80ಜಿ ಅನ್ನುವ ವಿನಾಯಿತಿ ಬೇಕಿದ್ದರೆ ಆ ನೋಂದಣಿ ಇರುವ ಟ್ರಸ್ಟಿನ ಮೂಲಕ ಕೊಡಬೇಕು, ಅವರು ಕೊಡುವ ಪ್ರಮಾಣಪತ್ರ ಬೇಕು. ಹಳೆ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಅದರ ಲಾಭ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಇಲ್ಲ. ಲ್ಯಾಪ್‌ಟಾಪ್, ಕಿಟ್ ಅಂತ ಸಾಮಾನಿನ ರೂಪದಲ್ಲಿ ಕೊಟ್ಟರೂ ಇಲ್ಲ.

ನಾನು ದುಬೈಯಲ್ಲಿದ್ದೇನೆ. ಅಲ್ಲಿಂದ ಕಳಿಸಬಹುದಾ?

ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ಪ್ರಶ್ನೆ, ಸ್ವಲ್ಪ ನಿಧಾನಕ್ಕೆ ಓದಿ. ನಿಮ್ಮ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದು, ನಿಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಂತ ಲೆಕ್ಕ ಅಲ್ಲ. ಧಾರಾಳವಾಗಿ ಕಳಿಸಿ, ಪಾಸ್‌ಪೋರ್ಟಿನ ಪ್ರತಿ ಜೊತೆಗಿರಲಿ.

ಬೇರೆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡು ಇರುವವರು ಕೊಟ್ಟರೆ ಅದು ವಿದೇಶಿ ದೇಣಿಗೆ. ಹೊರದೇಶದಲ್ಲಿ ಕಟ್ಟಿದ ಸಂಘದ ಹೆಸರಿನಲ್ಲಿ ಬಂದರೂ, ಸದಸ್ಯರೆಲ್ಲ ನಮ್ಮೂರವರೇ ಆಗಿದ್ದರೂ, ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದ ಪಿ.ಟಿ.ಎ. ಅದನ್ನು ತೆಗೆದುಕೊಳ್ಳುವ ಹಾಗಿಲ್ಲ. ಹಾಗಾಗಿ ಸಂಘದಲ್ಲಿ ಒಟ್ಟು ಮಾಡಿ ಕಳಿಸಬೇಡಿ. ಒಬ್ಬೊಬ್ಬರೂ ತಮ್ಮ ತಮ್ಮ ಖಾತೆಯಿಂದ ಕಳಿಸಿ. ಒಳ್ಳೆ ಮನಸ್ಸಿನಿಂದ ಕೊಟ್ಟ ಹಣಕ್ಕೆ ಹೆಡ್ಮಾಷ್ಟ್ರು ಕಾಗದ ಪತ್ರ ಹಿಡಿದು ಓಡಾಡುವ ಹಾಗೆ ಆಗಬಾರದು.

ನಮ್ಮ ಕಂಪನಿಯ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ?

ಕಂಪನಿ ಕಾಯ್ದೆ 2013ರ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು, ಶಿಕ್ಷಣ ಆ ಪಟ್ಟಿಯಲ್ಲಿದೆ. ಕಂಪನಿಯೇ ಸಾಮಾನು ಕೊಂಡು ಶಾಲೆಗೆ ಒಪ್ಪಿಸುವುದು ಸುಲಭ. ಮಾರ್ಚ್ ಕೊನೆಯ ವಾರ ಫೋನ್ ಮಾಡಬೇಡಿ ಮಾತ್ರ. ಆಗ ಶಾಲೆಯಲ್ಲಿ ಪರೀಕ್ಷೆ.

ಕಿಟ್ಟು ಬಳಸುತ್ತಿದ್ದಾರೋ ಇಲ್ಲವೋ ಅಂತ ತಿಳಿಯೋದು ಹೇಗೆ?

ಉದ್ಘಾಟನೆಯ ಫೋಟೋ ಕೇಳಬೇಡಿ. ಆರು ತಿಂಗಳ ನಂತರ ಹೋಗಿ ಏನೆಲ್ಲ ಕೆಟ್ಟಿದೆ ಅಂತ ಕೇಳಿ. ಏನೂ ಕೆಟ್ಟಿಲ್ಲ, ಹೊಸದರ ಹಾಗೇ ಇದೆ ಅಂದರೆ ಬಳಸಿಲ್ಲ ಅಂತಲೇ ಅರ್ಥ. ಮಕ್ಕಳ ಫೋಟೋ ಬೇಕಿದ್ದರೆ ಮನೆಯವರ ಒಪ್ಪಿಗೆ ಬೇಕು, ಹೆಸರು ಹಾಕುವುದಿಲ್ಲ.

ದುಡ್ಡಿಲ್ಲ, ಸಮಯ ಇದೆ. ಆದೀತಾ?

ಮೊಬೈಲ್ ರಿಪೇರಿ ಅಂಗಡಿಯವರು, ಎಲೆಕ್ಟ್ರಿಷಿಯನ್‌ಗಳು, ಪಾಲಿಟೆಕ್ನಿಕ್ ಓದುವವರು ತಿಂಗಳಿಗೆ ಒಂದು ಮಧ್ಯಾಹ್ನ ಕೊಟ್ಟರೂ ದೊಡ್ಡ ಉಪಕಾರ. ಮಲ್ಟಿಮೀಟರ್ ಹಿಡಿದು ಕೆಟ್ಟ ವಯರು ಯಾವುದು ಅಂತ ಕಂಡುಹಿಡಿಯಲು ಮಕ್ಕಳಿಗೆ ಕಲಿಸಿ. ಒಮ್ಮೆ ಕಲಿತರೆ ಆಮೇಲೆ ನಿಮ್ಮನ್ನು ಕರೆಯುವುದಿಲ್ಲ.

ನಮ್ಮೂರ ಶಾಲೆಗೆ ನಾವೇ ಶುರು ಮಾಡಬಹುದಾ?

ಯಾರ ಅನುಮತಿಯೂ ನಮ್ಮಿಂದ ಬೇಡ. ಹೆಡ್ಮಾಷ್ಟ್ರ ಹತ್ತಿರ ಮಾತಾಡಿ, ಪಿ.ಟಿ.ಎ. ಸಭೆಯಲ್ಲಿ ಒಂದು ತೀರ್ಮಾನ ಬರೆಸಿ. ಅನುದಾನಿತ ಶಾಲೆಯಾದರೆ ಮ್ಯಾನೇಜರಿಗೂ ತಿಳಿಸಿ. ಯಾವ ಟೀಚರು ನಡೆಸುತ್ತಾರೆ, ವಾರದಲ್ಲಿ ಯಾವ ಪಿರಿಯಡ್ ಅಂತ ಮೊದಲೇ ನಿಗದಿ ಮಾಡಿಸಿ. ಅದು ಆಗದೆ ಒಂದು ರೂಪಾಯಿಯ ಸಾಮಾನೂ ತರಬೇಡಿ. ಏಪ್ರಿಲ್‌ನಲ್ಲಿ ತರಿಸಿದರೆ ಮೇಯಲ್ಲಿ ಟೀಚರುಗಳು ಜೋಡಿಸಿ ನೋಡಬಹುದು, ಜೂನಿನಲ್ಲಿ ತರಗತಿ ಶುರು. ಬಿಲ್ಲು ಶಾಲೆಯ ಹೆಸರಿಗೇ ಇರಲಿ, ಬೋರ್ಡು ಕೆಟ್ಟರೆ ವಾರಂಟಿಗೆ ಅದನ್ನೇ ಕೇಳುತ್ತಾರೆ.